ಕೊಡವದ ಟಗರು

"ನೀರು ಹಾಕಿದ ಮ್ಯಾಲೆ ಟಗರು ಸುಮ್ನ ನಿಂದ್ರತೈತಿ ಅಕ್ಕಾ. ಮಂದಿ ಎಲ್ಲಾ ಉಸಿರು ಹಿಡಕೊಂಡು ನೋಡ್ತಿರ್ತಾರ. ಹಲಗಿ ಬಡಿಯೋದು ನಿಂತಿರತೈತಿ. ಮೈ ಕೊಡವಿದ್ರ ಒಪ್ಪಿದಂಗ, ಕೊಡವದಿದ್ರ ಒಪ್ಪಿಲ್ಲ. ಒಪ್ಪದ ಜೀವಕ್ಕ ಕತ್ತಿ ಮುಟ್ಟಸೋಹಂಗಿಲ್ಲ, ಅದು ಅಮ್ಮನ ಕಟ್ಟಳಿ. ಕಡಿಯೋನು ಟಗರಿನ ಕಿವ್ಯಾಗ ಅಮ್ಮನ ಹೆಸರು ಹೇಳ್ತಾನ ಅಂತ ಊರಿಗೆಲ್ಲ ನಂಬಿಕಿ. ನಮ್ಮಪ್ಪ ನನಗ ಕಲಿಸಿದ್ದು ಬ್ಯಾರೆ. ಹೆಸರು ಹೇಳ್ದಂಗ ಬಗ್ಗಬೇಕು, ಆದ್ರ ಹೇಳಬಾರದು. ಊದಬೇಕು. ಸಣ್ಣಗ, ಹಾಲಿನ ಮ್ಯಾಲಿನ ಕೆನಿ ಸರಸೋಹಂಗ. ಕಿವಿ ಒಳಗ ಗಾಳಿ ಹೊಕ್ಕರ ಯಾವ ಜೀವ ಆದ್ರೂ ಕೊಡವಲೇಬೇಕು. ಕೊಡವತೈತಿ. ಮಂದಿ ಹೋ ಅಂತಾರ, ಒಪ್ತು ಒಪ್ತು ಅಂತಾರ. ನಾ ಕಡೀತೀನಿ. ಊರಿಗೆ ಮಳಿ, ಊರಿಗೆ ಆರೋಗ್ಯ. ನನಗೇನು ಉಳೀತು ಹೇಳು? ಆ ಗಾಳಿ ಉಳೀತು. ಉಣ್ಣಾಕ ಕುಂತಾಗ ಯಾರೋ ಹಿಂದ ಬಂದು ಬಗ್ತಾರ. ಕಿವಿ ಹತ್ರ ಬೆಚ್ಚಗ ಆಗತೈತಿ. ಊದ್ತಾರ. ತಿರುಗಿ ನೋಡಿದ್ರ ಬರೇ ಗ್ವಾಡಿ. ನನ್ನ ತಲಿ ತಾನ ಕೊಡವತೈತಿ. ಕೊಡವಿದ ಕೂಡ್ಲೇ, ಒಪ್ತು ಅಂತ ಯಾರೋ ಅಂದಂಗ ಆಗತೈತಿ."

ಪಾಲಣ್ಣ ಇದನ್ನು ನನಗೆ ಹೇಳಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ, ಶೇಂಗಾ ಸುಲಿಯುತ್ತಾ, ಚೆನ್ನಾಗಿ ಬಿಸಿಲಿದ್ದ ಹೊತ್ತಿನಲ್ಲಿ. ಹಾಗಿದ್ದೂ ನಾನು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೆ.

ಹಗರಿಬೊಮ್ಮನಹಳ್ಳಿಯಿಂದ ತಂಬ್ರಹಳ್ಳಿಗೆ ಹೋಗುವ ದಾರಿ ಬಿಟ್ಟು ಒಳಗೆ ಬಂದರೆ ನಮ್ಮೂರು. ನಮ್ಮ ಓಣಿ ಮುಗಿಯುವಲ್ಲಿ ನಮ್ಮ ಮನೆ, ಕೇರಿ ಶುರುವಾಗುವಲ್ಲಿ ಪಾಲಣ್ಣನ ಮನೆ. ನಡುವೆ ಒಂದು ಬೇವಿನ ಮರ. ಅದರ ನೆರಳು ಮುಂಜಾನೆ ಅವರಿಗೆ, ಮಧ್ಯಾಹ್ನದ ಮೇಲೆ ನಮಗೆ. ನಾನು ಸೊಸೆಯಾಗಿ ಬಂದಾಗಿನಿಂದ ಅವನು ನನ್ನನ್ನು ಶಿವಮ್ಮಕ್ಕ ಎಂದೇ ಕರೆದ, ವಯಸ್ಸಿನಲ್ಲಿ ಅವನೇ ದೊಡ್ಡವನಾದರೂ.

ಊರಮ್ಮನಿಗೆ ಕಡಿಯುವ ಕೆಲಸ ಅವರ ಮನೆತನದ್ದು. ಅಜ್ಜ ಕೋಣ ಕಡಿಯುತ್ತಿದ್ದನಂತೆ. ಸರ್ಕಾರದ ಕಾಯ್ದೆ ಬಂದ ಮೇಲೆ ಕೋಣ ನಿಂತಿತು. ಗುಡಿಯ ಮುಂದೆ ಪೊಲೀಸರು ಬಂದು ಕೂರುತ್ತಾರೆಂದು ಊರ ಹೊರಗಿನ ಹೊಲದ ಬದುವಿನ ಮೇಲೆ ಒಂದು ಟಗರನ್ನು ಮಾತ್ರ ಕೊಡುವ ರೂಢಿ ಉಳಿಯಿತು. ಪ್ರತಿ ಬೇಸಿಗೆಗೆ ಒಂದು. ಆ ಒಂದು ದಿನ ಗೌಡರೂ ಪಾಲಣ್ಣನ ಮನೆ ಬಾಗಿಲಿಗೆ ಬಂದು ಕರೆಯಬೇಕು, ಅವನಿಗೆ ರುಮಾಲು ಸುತ್ತಬೇಕು. ಕಡಿದ ಮೇಲೆ ಸಂಜೆಯವರೆಗೆ ಯಾರೂ ಅವನ ಮುಖ ನೋಡಬಾರದು. ಅವನು ಹೊಲದ ನಡುವೆ ಒಬ್ಬನೇ ಕೂತಿರಬೇಕು. ಉಳಿದ ದಿನವೆಲ್ಲ ಕೂಲಿ, ಶೇಂಗಾ ಕೀಳುವುದು, ಮೆಕ್ಕೆಜೋಳ ಮುರಿಯುವುದು.

ಅವನಿಗೆ ತಲೆ ಕೊಡವುವ ಚಾಳಿ ಇತ್ತು. ಮಾತಾಡುತ್ತಾ ಇದ್ದವನು ನಡುವೆ ನಿಲ್ಲಿಸಿ, ಕಿವಿಗೆ ನೀರು ಹೊಕ್ಕ ದನದ ಹಾಗೆ ತಲೆ ಕೊಡವಿಬಿಡುತ್ತಿದ್ದ. ಸಂತೆಯಲ್ಲಿ ಹುಡುಗರು ಅವನ ಹಿಂದೆ ಹಾಗೇ ಮಾಡಿ ನಗುತ್ತಿದ್ದರು. ಅವನ ಹೆಂಡತಿ ಎರ್ರೆಮ್ಮ, "ಹೆಂಡ್ತಿ ಮಾತು ಈ ಕಿವ್ಯಾಗ ಹೊಕ್ಕಿದ್ದನ್ನ ಆ ಕಿವಿಲಿಂದ ಬೀಳಸಾಕ ಹತ್ಯಾನ, ನೀನೇನೂ ತಿಳಕಾಬ್ಯಾಡಕ್ಕ," ಎನ್ನುತ್ತಿದ್ದಳು. ನಾನೂ ನಕ್ಕಿದ್ದೇನೆ. ಯಾಕೆಂದು ಗೊತ್ತಾಗಿದ್ದು ಆ ಶೇಂಗಾ ಸುಲಿದ ದಿನ.

ಅದನ್ನು ಅವನು ಹೇಳುವಂತಾಗಿದ್ದು ಪ್ರಾರ್ಥನೆ ಮನೆಯಿಂದ. ಎರ್ರೆಮ್ಮನಿಗೆ ಮೊಣಕಾಲು ನೋವು. ಹಗರಿಬೊಮ್ಮನಹಳ್ಳಿಯಲ್ಲಿ ತಗಡಿನ ಶೆಡ್ಡೊಂದರಲ್ಲಿ ಭಾನುವಾರ ಸಭೆ ಸೇರುತ್ತಾರೆ, ಅಲ್ಲಿ ಪ್ರಾರ್ಥನೆ ಮಾಡಿದರೆ ನೋವು ಇಳಿಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅವಳು ಹೋಗತೊಡಗಿದಳು. ಪಾಲಣ್ಣ ಮೊಪೆಡ್ ಮೇಲೆ ಅವಳನ್ನು ಬಿಟ್ಟು ಹೊರಗೆ ಕೂತಿರುತ್ತಿದ್ದ.

"ಇಡೀ ಸಭಿ ಹಾಡಾಕ ಹತ್ತಿದ್ರ ಇವನೊಬ್ಬ ಚಪ್ಲಿ ಕಾಯ್ಕೊಂತ ಕುಂತಿರ್ತಾನಕ್ಕ," ಎಂದು ಎರ್ರೆಮ್ಮ ದೂರಿದಳು. "ಆ ದೇವ್ರು ಏನು ನಿನ್ನ ಚಪ್ಲಿ ಹಾಕ್ಕೊಂಡು ಓಡಿ ಹೋಗ್ತಾನೇನು?"

ಒಂದು ಭಾನುವಾರ ಒಳಗಿನಿಂದ ಕುರಿಮರಿ ಎಂಬ ಮಾತು ಕೇಳಿತು. ಲೋಕದ ಪಾಪಕ್ಕಾಗಿ ಬಲಿಯಾದ ಕುರಿಮರಿ, ಬಾಯಿ ಬಿಡದೆ ಕಡಿಯುವವನ ಮುಂದೆ ನಿಂತ ಕುರಿಮರಿ. ಪಾಲಣ್ಣ ಎದ್ದು ಬಾಗಿಲಿಗೆ ಬಂದ. ಪಾಸ್ಟರ್ ಕನಕರಾಜ ಕೂಡ್ಲಿಗಿ ಕಡೆಯವರು, ಮೊದಲು ಬೋರ್‌ವೆಲ್ ಲಾರಿಯ ಮೇಲೆ ದುಡಿದವರು. ಬಾಗಿಲಲ್ಲಿ ನಿಂತವನನ್ನು ಕಂಡು, "ಒಳಗ ಬಾರಪ್ಪ," ಎಂದರು.

"ಬರ್ತೀನ್ರಿ. ಒಂದು ಮಾತು ಕೇಳ್ಲೇನ್ರಿ? ಆ ಕುರಿಮರಿ ಮೈ ಕೊಡವಿತ್ತೇನ್ರಿ?"

ಸಭೆಯಲ್ಲಿ ಹೆಂಗಸರು ಕಿಸಕ್ಕೆಂದು ನಕ್ಕರು. ಎರ್ರೆಮ್ಮ ಮುಖ ಮುಚ್ಚಿಕೊಂಡಳಂತೆ. ಕುರಿಮರಿ ಎಂದರೆ ಯೇಸುಸ್ವಾಮಿಯೇ ಎಂದು ಪಾಸ್ಟರ್ ತಿಳಿಸಿ ಹೇಳಿದರು.

"ಅದು ತಿಳೀತ್ರಿ. ಅದಕ್ಕ ಕೇಳಿದ್ದು. ತಾನ ಒಪ್ಪಿದ್ನೋ, ಇಲ್ಲಾ ಕಿವ್ಯಾಗ ಯಾರರ ಊದಿದ್ರೋ?"

ಪಾಸ್ಟರ್ ನಗಲಿಲ್ಲ. ಆ ವಾರದಲ್ಲೇ ಬೈಕ್ ಮೇಲೆ ನಮ್ಮೂರಿಗೆ ಬಂದರು. ಕೇರಿಯಲ್ಲಿ ಕೂರಲು ಜಾಗ ಸಾಲದೆ ನಮ್ಮ ಕಟ್ಟೆಯ ಮೇಲೆ ಕೂತರು. ಅವತ್ತೇ ಪಾಲಣ್ಣ ಊದುವ ಮಾತನ್ನು ಬಿಚ್ಚಿ ಹೇಳಿದ್ದು, ನನಗೆ ಮೊದಲು, ಆಮೇಲೆ ಅವರಿಗೆ. ಅವರು ಎಲ್ಲ ಕೇಳಿ, ಹಿಡಿದು ಒಯ್ಯುವ ಮುಂಚೆ ಯೇಸು ತೋಟವೊಂದಕ್ಕೆ ಹೋದದ್ದನ್ನು ಹೇಳಿದರು. ಸಂಗಡಿಗರು ನಿದ್ದೆ ಹೋಗಿದ್ದರು. ಆಗುವುದಾದರೆ ಇದು ನನ್ನಿಂದ ತಪ್ಪಿ ಹೋಗಲಿ ಎಂದು ಅವನು ನೆಲಕ್ಕೆ ಬಿದ್ದು ಬೇಡಿದ. ಸಂಕಟಕ್ಕೆ ಬೆವರು ರಕ್ತದ ಹಾಗೆ ತೊಟ್ಟಿಕ್ಕಿತು. ಆಮೇಲೆ, ನನ್ನ ಮನಸ್ಸಿನಂತಲ್ಲ, ನಿನ್ನ ಮನಸ್ಸಿನಂತೆ ಆಗಲಿ ಎಂದು ಎದ್ದ.

ಪಾಲಣ್ಣನ ಕೈಯಲ್ಲಿ ಶೇಂಗಾ ಹಾಗೇ ಇತ್ತು. "ಬೆವರು ನೆಲಕ್ಕ ಬಿತ್ತೇನ್ರಿ?"

"ಬಿತ್ತು."

"ಹನಿ ಹನಿ?"

"ಹನಿ ಹನಿ."

"ಬಾಜೂಕ ಯಾರೂ ಇರಲಿಲ್ಲ?"

"ಎಲ್ಲಾ ಮಲಗಿದ್ರು ಪಾಲಣ್ಣ."

"ಹಂಗಾದ್ರ ಊದೋರು ಇಲ್ಲ." ಅವನು ಪಾಸ್ಟರ ಮುಖವನ್ನೇ ನೋಡಿದ. "ತಾನ ಕೊಡವ್ಯಾನ."

ಪಾಲಣ್ಣ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟ. ಆಮೇಲೆ ಅವನು, "ಶಿಲುಬಿಗೆ ಮೊಳಿ ಬಡಿದೋರಿಗೂ ಐತೇನ್ರಿ ನೀವು ಹೇಳೋ ಬಿಡುಗಡಿ? ಇಲ್ಲಾ ನೋಡಿದೋರಿಗೆ ಅಷ್ಟ?" ಎಂದು ಕೇಳಿದ.

"ಇವರನ್ನ ಕ್ಷಮಿಸು ಅಂತ ಆತ ಕೇಳಿದ್ದು ಮೊಳಿ ಬಡಿದೋರ ಸಲುವಾಗೇ. ಒಂದ ಸಲ, ಎಲ್ಲಾರ ಸಲುವಾಗಿ ಮುಗಿದೈತಿ. ಇನ್ನೊಂದು ರಕ್ತ ಬೇಕಾಗಿಲ್ಲ. ನೀನು ಕತ್ತಿ ಕೆಳಗ ಇಡು, ದೀಕ್ಷಾಸ್ನಾನ ತಗೋ."

ಪಾಲಣ್ಣ ಸಂತೋಷದಿಂದಲೇ ಗುರುಸಂಗಪ್ಪ ಗೌಡರ ಮನೆಗೆ ಹೋದ. ಗೌಡರು ಮಾಂಸ ಮುಟ್ಟದ ಮನೆತನದವರು. ಕಡಿಯುವುದನ್ನು ಕಣ್ಣಾರೆ ನೋಡುವವರಲ್ಲ. ಆದರೆ ಊರಿನ ಕಟ್ಟಳೆ ತಪ್ಪಬಾರದೆಂದು ದೂರದಲ್ಲಿ ಬೆನ್ನು ಹಾಕಿ ನಿಂತು ನಡೆಸಿಕೊಡುವವರು. ಅವರು ಬೈಯಲೂ ಇಲ್ಲ, ಹೆದರಿಸಲೂ ಇಲ್ಲ.

"ಆತು ಪಾಲಣ್ಣ. ಯಾವ ದೇವ್ರಿಗೆ ಬೇಕಾದ್ರೂ ಕೈ ಮುಗಿ. ಕತ್ತಿ ನಿನ್ನದಲ್ಲ, ನಿಮ್ಮ ಮನಿದು. ನೀ ಬಿಟ್ರ ಭೀಮರಾಜ ಹಿಡೀತಾನ. ಹೇಳಿ ಕಳಸ್ತೀನಿ."

ಭೀಮರಾಜ ಅವನ ಒಬ್ಬನೇ ಮಗ. ಕೊಟ್ಟೂರಿನಲ್ಲಿ ಬ್ಲೌಸ್ ಹೊಲಿಯುತ್ತಾನೆ. ಮೆತ್ತಗಿನ ಮನುಷ್ಯ, ಸೂಜಿ ಚುಚ್ಚಿ ರಕ್ತ ಬಂದರೆ ಬೆರಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುವವನು. ಅವನು ಒಲ್ಲೆ ಎನ್ನುತ್ತಾನೆಂದು ಪಾಲಣ್ಣ ನಂಬಿದ್ದ. ಮಗ ಮುಂದಿನ ಬಸ್ಸಿಗೇ ಬಂದ. ಹೊಸ ಅಂಗಿ ಹಾಕಿಕೊಂಡಿದ್ದ.

"ಒಂದು ದಿನದ ಕೆಲಸ ಯಪ್ಪಾ. ನಾ ಮಾಡ್ತೀನಿ," ಎಂದ.

"ಬ್ಯಾಡಲೇ. ನಿನಗ ಅದು ತಿಳಿಯಂಗಿಲ್ಲ."

"ಯಾಕ ಬ್ಯಾಡ? ವರ್ಷಕ್ಕೊಮ್ಮಿ ಗೌಡ್ರು ನಮ್ಮ ಬಾಗಲಿಗೆ ಬರ್ತಾರ. ವರ್ಷಕ್ಕೊಮ್ಮಿ ನಮ್ಮ ತಲಿಗೆ ರುಮಾಲು. ಅದೂ ಬಿಟ್ರ ಈ ಊರಾಗ ನಮಗ ಏನೈತಿ? ನೀ ಬಿಡ್ತೀನಿ ಅಂದ್ರ ಬಿಡು. ನನಗ ಕಲಿಸು. ಕಿವ್ಯಾಗ ಏನು ಹೇಳ್ಬೇಕು? ಆ ಹೆಸರು ಹೇಳಿಕೊಡು."

ಪಾಲಣ್ಣ ನೀರು ಕುಡಿಯಲೆಂದು ಒಳಗೆ ಎದ್ದು ಹೋದ. ಬಾಗಿಲ ಸಂದಿಯಿಂದ ಅವನ ತಲೆ ಕೊಡವಿದ್ದು ನಮ್ಮ ಕಟ್ಟೆಗೆ ಕಾಣಿಸಿತು.

ಅಲ್ಲಿಂದ ಅವನಿಗೆ ನಿದ್ದೆ ಹಾರಿತು. ತಾನು ಬಿಟ್ಟರೆ ಆ ಗಾಳಿ ಮಗನ ಕಿವಿಗೆ ಹೋಗುತ್ತದೆ. ತಾನೇ ಹಿಡಿದರೆ, ಆಗಲೇ ತನ್ನ ಸಲುವಾಗಿ ಒಪ್ಪಿ ಕೊಡವಿದ ಆ ಒಬ್ಬನ ಮುಖಕ್ಕೆ ರಕ್ತ ಎರಚಿದಂತೆ. ಪಾಸ್ಟರನ್ನು ಕೇಳಿದ: "ನನ್ನ ಪಾಲಿನ ಸ್ವರ್ಗ ನನ್ನ ಮಗನಿಗೆ ಕೊಟ್ಟು, ನಾನು ಕಡಕೊಂತ ಹೊರಗ ಉಳಿದ್ರ ನಡೀತೈತೇನ್ರಿ?"

"ಆ ಕೆಲಸ ಆಗ್ಲೇ ಒಬ್ಬಾತ ಮಾಡ್ಯಾನ ಪಾಲಣ್ಣ. ಅದರ ಮ್ಯಾಲೆ ನೀನು ಸೇರ್ಸೋದು ಏನೂ ಇಲ್ಲ."

"ನೀವು ಹೇಳೋದು ಖರೇನ ಇರಬೇಕು. ಆದ್ರ ಬದುವಿನ ಮ್ಯಾಲೆ ನನ್ನ ಮಗನ ಕೈ ಹಿಡಿಯೋರು ಯಾರ್ರಿ?"

ಪಾಸ್ಟರ್ ಅವನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ದೀಕ್ಷಾಸ್ನಾನ ಮುಂದಕ್ಕೆ ಹೋಯಿತು. ಅಮ್ಮನ ದಿನ ಹತ್ತಿರ ಬಂತು. ಹಿಂದಿನ ದಿನ ಪಾಲಣ್ಣ ಗೌಡರಿಗೆ ಹೇಳಿ ಕಳಿಸಿದ: ಈ ಸಲವೂ ನಾನೇ ನಿಲ್ಲುತ್ತೇನೆ, ಮಗ ಬೇಡ.

ಹೆಂಗಸರು ಬದುವಿನ ಹತ್ತಿರ ಹೋಗುವಂತಿಲ್ಲ. ನಾವು ಕೆಲವರು ಬಾವಿಯ ದಂಡೆಯ ಮೇಲೆ ನಿಂತಿದ್ದೆವು, ಮಾತು ಕೇಳುವಷ್ಟು ಹತ್ತಿರ. ಕರಿ ಮೋರೆಯ ದೊಡ್ಡ ಟಗರು, ಕೊರಳಲ್ಲಿ ಬೇವಿನ ಸರ. ಪಾಲಣ್ಣ ರುಮಾಲು ಸುತ್ತಿಸಿಕೊಳ್ಳಲಿಲ್ಲ. ಬಿಂದಿಗೆ ಎತ್ತಿ ತಲೆಯಿಂದ ಬಾಲದವರೆಗೆ ನೀರು ಹೊಯ್ದ. ಹಲಗೆ ನಿಂತಿತು. ಅವನು ಬಿಂದಿಗೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕೈ ಬೆನ್ನಿಗೆ ಕಟ್ಟಿಕೊಂಡು ನಿಂತ.

ಟಗರು ನಿಂತಿತ್ತು. ನೀರು ತೊಟ್ಟಿಕ್ಕುತ್ತಿತ್ತು.

"ಹೆಸರು ಹೇಳೋ," ಎಂದರು ಯಾರೋ.

"ಹೇಳಂಗಿಲ್ಲ."

"ಏ ಪಾಲಣ್ಣ, ಹೊತ್ತೇರತೈತಿ. ಕಿವ್ಯಾಗ ಅಮ್ಮನ ಹೆಸರು ಹೇಳೋ ಮಾರಾಯ!"

"ಅಮ್ಮಗ ಬೇಕಾದ್ರ ಅಕಿನ ಹೇಳ್ತಾಳ. ನಾ ಯಾಕ ನಡುವ?"

ಭೀಮರಾಜ ಮುಂದೆ ಬಂದ. "ಯಪ್ಪಾ, ಸರಿ. ನಾ ಹೇಳ್ತೀನಿ."

ಪಾಲಣ್ಣ ಸೊಂಟಕ್ಕೆ ಸಿಕ್ಕಿಸಿದ್ದ ಕತ್ತಿಯನ್ನು ನೆಲಕ್ಕೆ ಇಟ್ಟು ಅದರ ಮೇಲೆ ಪಾದ ಇಟ್ಟ. "ಕಿವಿ ಹತ್ರ ಬಂದ್ರ ಮೊದಲು ನನ್ನ ಕಿವ್ಯಾಗ ಹೇಳು," ಎಂದ. ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಮಗ ನಿಂತಲ್ಲೇ ನಿಂತ.

ಬಿಸಿಲು ಏರಿತು. ಒಂದು ನೊಣ ಬಂದು ಟಗರಿನ ಕಣ್ಣ ಹತ್ತಿರ ಕೂತಾಗ ನಾವೆಲ್ಲ ತುದಿಗಾಲಲ್ಲಿ ನಿಂತೆವು. ಟಗರು ರೆಪ್ಪೆ ಬಡಿಯಿತು, ಅಷ್ಟೇ. ನಾನು ಪಾಲಣ್ಣನನ್ನೇ ನೋಡುತ್ತಿದ್ದೆ. ಅವನ ಕುತ್ತಿಗೆಯ ನರ ಉಬ್ಬಿತ್ತು. ಆ ಹೊತ್ತಿನಲ್ಲಿ ಅವನ ಕಿವಿಯಲ್ಲಿ ಯಾರೋ ಊದುತ್ತಿದ್ದರು, ಅವನು ತಲೆ ಕೊಡವದೆ ಹಲ್ಲು ಕಚ್ಚಿ ನಿಂತಿದ್ದ. ಯಾರೂ ಹೇಳದಿದ್ದರೂ ಅದು ನನಗೆ ತಿಳಿಯಿತು. ಉಣ್ಣೆಯ ಮೇಲಿನ ನೀರು ಹಾಗೇ ಆರಿ ಹೋಯಿತು.

ಬೆನ್ನು ಹಾಕಿ ನಿಂತಿದ್ದ ಗುರುಸಂಗಪ್ಪ ಗೌಡರು ಮೊದಲ ಸಲ ಈ ಕಡೆ ತಿರುಗಿದರು. ಸಿಟ್ಟಿಗೆ ಅವರ ಮೀಸೆ ಅದುರುತ್ತಿತ್ತು. ಆದರೆ ಕಟ್ಟಳೆಯ ಮನುಷ್ಯ.

"ಒಪ್ಪಿಲ್ಲ," ಎಂದರು. "ಒಪ್ಪದಿದ್ದದ್ದನ್ನ ಮುಟ್ಟೋಹಂಗಿಲ್ಲ. ಅಮ್ಮನ ಹೆಸರಿನ ಟಗರು ಒಂದು ನಿಂತಿರೋವಾಗ ಇನ್ನೊಂದು ತರೋಹಂಗೂ ಇಲ್ಲ. ಇನ್ನ ನಾವು ಕೇಳಿ ನೀರು ಹಾಕೋದಿಲ್ಲ. ತಾನಾಗಿ ಮೈ ಮ್ಯಾಲೆ ಬಿದ್ದ ನೀರಿಗೆ ಅದು ಕೊಡವಿದ ದಿನ ಒಪ್ಪಿದಂಗ. ನಿನ್ನ ಮನಿ ಮುಂದ ಕಟ್ಟಿಕೋ. ಕೊಡವಿದ ದಿನ ಸುಳ್ಳು ಹೇಳದ ಬಂದು ಹೇಳು. ಅವತ್ತು ನೀನಿದ್ರ ನೀನು, ಇಲ್ಲದಿದ್ರ ನಿನ್ನ ಮಗ."

"ಹೇಳ್ತೀನ್ರಿ," ಎಂದ ಪಾಲಣ್ಣ.

ಟಗರು ಬೇವಿನ ಮರಕ್ಕೆ ಬಂತು. ಅವತ್ತಿನಿಂದ ಪಾಲಣ್ಣ ಮೋಡ ನೋಡಿ ಹೆದರುವವನಾದ. ನಮ್ಮ ಕಡೆ ಒಂದು ಮೋಡ ಬಂದರೆ ಊರೆಲ್ಲ ಅಂಗಳಕ್ಕೆ ಬಂದು ಮುಖ ಮೇಲೆತ್ತುತ್ತದೆ. ಅವನೊಬ್ಬ ಹಗ್ಗ ಬಿಚ್ಚಿ ಟಗರನ್ನು ಒಳಗೆ ಎಳೆಯುತ್ತಿದ್ದ. ಮಂಜು ಬೀಳುವ ದಿನಗಳಲ್ಲಿ ಗೋಣಿಚೀಲ ಹೊದಿಸುತ್ತಿದ್ದ. "ನನಗ ಒಂದು ಸ್ವೆಟರ್ ತರಲಿಲ್ಲ ಈ ಗಂಡಸು, ಇದಕ್ಕ ನೋಡು ಸೇವಾ," ಎಂದು ಎರ್ರೆಮ್ಮ ಮುಸುರೆ ತಿಕ್ಕುತ್ತಾ ಗೊಣಗುತ್ತಿದ್ದಳು, ಆದರೆ ಮುಸುರೆ ನೀರನ್ನು ದೂರ ಒಯ್ದು ಚೆಲ್ಲುತ್ತಿದ್ದಳು.

ತಂಬ್ರಹಳ್ಳಿಯ ಆಚೆ ಹಿನ್ನೀರಿನಲ್ಲಿ ಅವನ ದೀಕ್ಷಾಸ್ನಾನವಾಯಿತು. ಎರ್ರೆಮ್ಮ ಕರೆದಳೆಂದು ನಾನೂ ಟಂಟಂ ಆಟೋದಲ್ಲಿ ಹೋಗಿದ್ದೆ. ಪಾಸ್ಟರ್ ಅವನನ್ನು ಸೊಂಟದವರೆಗೆ ನೀರಿಗೆ ಕರೆದೊಯ್ದು, ಹಿಂದಕ್ಕೆ ಬಾಗಿಸಿ ಮುಳುಗಿಸಿ ಎತ್ತಿದರು. ಎದ್ದವನು ಮೈಯೆಲ್ಲ ಕೊಡವಿದ. ತಲೆ, ಭುಜ, ತೋಳು, ಎಲ್ಲ. ನೀರು ಸುತ್ತಲೂ ಸಿಡಿಯಿತು. ಜನ ಸ್ತೋತ್ರ ಎಂದರು. ಪಾಲಣ್ಣ ಮಾತ್ರ ನಡುನೀರಿನಲ್ಲಿ ಹಾಗೇ ನಿಂತ, ತಾನು ಏನು ಮಾಡಿದೆನೆಂದು ಈಗಷ್ಟೇ ತಿಳಿದವನ ಹಾಗೆ.

ದಂಡೆಗೆ ಬಂದು ನನ್ನ ಹತ್ತಿರ ಬಗ್ಗಿ, "ಯಾರೂ ಊದಲಿಲ್ಲಕ್ಕ," ಎಂದ.

"ಒಳ್ಳೇದಾತಲ್ಲಪ್ಪ. ಕಿವಿ ತಣ್ಣಗಾತಲ್ಲ?"

"ಅದಲ್ಲಕ್ಕ. ನಾ ಒಪ್ಪೀನಿ. ಯಾವುದಕ್ಕ ಅಂತ ಇನ್ನೂ ತಿಳೀಲಿಲ್ಲ."

ಎರಡು ಬೇಸಿಗೆ ಊರಮ್ಮನಿಗೆ ಕುಂಬಳಕಾಯಿ ಒಡೆದರು. ಕಾಯಿಲೆ ಬಂದರೆ ಪಾಲಣ್ಣನ ಬಾಗಿಲ ಕಡೆ ನೋಡಿ ಮಾತಾಡಿಕೊಂಡರು, ಗುಣವಾದರೆ ಮರೆತರು. ಊದುವುದು ನಿಂತಿರಲಿಲ್ಲ. ಒಂದು ದಿನ ಅವನಾಗಿಯೇ ಹೇಳಿದ: "ಉಸಿರಾಗ ಬೀಡಿ ವಾಸನಿ ಐತಕ್ಕ. ಟಗರಿಗೆ ಬೀಡಿ ಎಲ್ಲಿಂದ ಬರಬೇಕು? ನಮ್ಮಪ್ಪ ಇರಬೇಕು. ಇಲ್ಲಾ ನಾನ."

ಹೋದ ವರ್ಷ ಮುಂಗಾರಿನ ಮೊದಲ ಮಳೆ ಮಧ್ಯಾಹ್ನ ಬಂತು. ಮೋಡ ಕಟ್ಟಿದ್ದೇ ಗೊತ್ತಾಗಲಿಲ್ಲ. ಟಗರು ಹಗ್ಗ ಹರಿದುಕೊಂಡು ಮೇವಿನ ವಾಸನೆಗೆ ಬದುವಿನ ಕಡೆಯೇ ಹೋಗಿತ್ತು. ಪಾಲಣ್ಣನಿಗೆ ಆಗಲೇ ಎದೆಯಲ್ಲಿ ಕಫ, ನಾಲ್ಕು ಮಾತಿಗೆ ಒಂದು ಕೆಮ್ಮು. ಎರ್ರೆಮ್ಮ ಕೂಗುತ್ತಿದ್ದಂತೆ ಕಂಬಳಿ ಎತ್ತಿಕೊಂಡು ಓಡಿದ. ಮೊದಲ ಹನಿ ಬೀಳುವ ಮುಂಚೆ ಮುಟ್ಟಿದನಂತೆ. ಕಂಬಳಿಯನ್ನು ಟಗರಿಗೆ ಹೊದಿಸಿ, ಮೋರೆಯ ಮೇಲೆ ತನ್ನ ಅಂಗಿ ಬಿಚ್ಚಿ ಹಾಕಿ, ಬರಿಮೈಯಲ್ಲಿ ಆ ಜಡಿಮಳೆಯೊಳಗೆ ಅದನ್ನು ತಬ್ಬಿಕೊಂಡು ಹೆಜ್ಜೆ ಹೆಜ್ಜೆಗೆ ನಡೆಸಿಕೊಂಡು ಬಂದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಬಂದು ಕಂಬಳಿ ತೆಗೆದು ಉಣ್ಣೆಯೊಳಗೆ ಕೈಯಾಡಿಸಿ, "ಒಣಗೈತಿ," ಎಂದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ಆ ಜ್ವರ ಇಳಿಯಲೇ ಇಲ್ಲ. ಕೊನೆಕೊನೆಗೆ ನಾನು ಗಂಜಿ ಒಯ್ದಾಗ ಹೇಳಿದ: "ನಾ ಹೋದ ಮ್ಯಾಲೆ ಭೀಮರಾಜಗ ಎಲ್ಲಾ ಹೇಳಕ್ಕ. ಮೊದಲ ಹೇಳಿದ್ರ ಕಲ್ತುಬಿಡ್ತಿದ್ದ, ಅದಕ್ಕ ಹೇಳಲಿಲ್ಲ. ಟಗರು..." ಎಂದು ನಿಲ್ಲಿಸಿ ಕಿವಿ ಮುಟ್ಟಿಕೊಂಡ. ತಲೆ ಕೊಡವಲು ಅವನಲ್ಲಿ ಶಕ್ತಿ ಇರಲಿಲ್ಲ.

ಪಾಸ್ಟರ್ ಬಂದು ಮಣ್ಣು ಮಾಡಿದರು. ಗುರುಸಂಗಪ್ಪ ಗೌಡರೂ ಬಂದು ದೂರ ನಿಂತಿದ್ದರು, ಈ ಸಲ ಬೆನ್ನು ಹಾಕಿರಲಿಲ್ಲ. ಟಗರಿನ ಮಾತು ಎತ್ತಲಿಲ್ಲ, ಆದರೆ ಹೋಗುವಾಗ ಬೇವಿನ ಮರದ ಕಡೆ ಒಮ್ಮೆ ನೋಡಿ ಹೋದರು.

ಭೀಮರಾಜನಿಗೆ ನಾನು ಹೇಳಿದೆ. ಅದೇ ಕಟ್ಟೆಯ ಮೇಲೆ.

"ಹೆಸರು ಏನೂ ಇರಲಿಲ್ಲಪ್ಪ. ಊದ್ತಿದ್ದ."

ಅವನು ಬಹಳ ಹೊತ್ತು ಬೆರಳಿನ ಅಂಗುಸ್ತಾನವನ್ನು ತಿರುವುತ್ತಾ ಕೂತಿದ್ದ. ಬಟ್ಟೆ ಹೊಲಿಯುವವರು ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯದು. "ಹಂಗಾದ್ರ ಅವು ಯಾವೂ ಒಪ್ಪಿರಲಿಲ್ಲೇನು, ಅತ್ತಿ?"

"ನನಗ ಗೊತ್ತಿಲ್ಲಪ್ಪ."

"ಗೌಡ್ರು ಕರದ್ರ ನಾ ಒಲ್ಲೆ ಅಂತೀನಿ," ಎಂದ. ಎದ್ದು ಮರ ದಾಟುವಾಗ ಅವನ ಕೈ ಕಿವಿಯ ಕಡೆ ಹೋಯಿತು. ನೊಣ ಓಡಿಸಿದ್ದಿರಬಹುದು. ಅವನು ಬಂದಾಗಲೆಲ್ಲ ನಾನು ಈಗ ಅದನ್ನೇ ನೋಡುತ್ತೇನೆ. ಇಲ್ಲಿಯವರೆಗೆ ತಲೆ ಕೊಡವಿದ್ದು ಕಂಡಿಲ್ಲ. ಒಲ್ಲೆ ಎನ್ನುವ ಮಾತು ಗೌಡರು ರುಮಾಲು ಹಿಡಿದು ಬಾಗಿಲಿಗೆ ಬಂದ ದಿನವೂ ಅವನ ಬಾಯಲ್ಲಿ ಇರುತ್ತದೋ ಇಲ್ಲವೋ, ಆ ದಿನ ಬಾರದಿರಲಿ.

ಎರ್ರೆಮ್ಮನ ಮೊಣಕಾಲು ಈಗ ಮಡಚುವುದೇ ಇಲ್ಲ. ಮುಂಜಾನೆ ಎರಡೂ ಮನೆಯ ಅಂಗಳ ನನ್ನದೇ. ಮೊದಲು ಆಕಾಶ ನೋಡುತ್ತೇನೆ, ಆಮೇಲೆ ಕಸ ಗುಡಿಸುತ್ತೇನೆ. ಟಗರು ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಾ ನನ್ನ ಕೈಯಲ್ಲಿನ ತಂಬಿಗೆಯನ್ನೇ ನೋಡುತ್ತಿರುತ್ತದೆ. ಅದರ ಮೇಲೆ ಗೋಣಿಚೀಲ ಹೊದಿಸಿ, ಬಗ್ಗಿ, ಬೆರಳುಗಳನ್ನು ಸೇರಿಸಿಕೊಂಡು, ಹನಿ ಹಾರದ ಹಾಗೆ ನೆಲಕ್ಕೆ ಹತ್ತಿರದಲ್ಲಿ ನೀರು ಚಿಮುಕಿಸುತ್ತಾ ಹೋಗುತ್ತೇನೆ, ಬಾಗಿಲಿನಿಂದ ಕಟ್ಟೆಯವರೆಗೆ, ಕಟ್ಟೆಯಿಂದ ಮರದವರೆಗೆ. ಮರದ ಹತ್ತಿರ ಬಂದಾಗ ಒಣ ನೆಲ ಬಿಟ್ಟು ಸುತ್ತಿ ಬರುತ್ತೇನೆ. ತಂಬಿಗೆಯಲ್ಲಿ ಉಳಿದ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿ, ರಂಗೋಲಿ ಡಬ್ಬಿ ತರಲು ಒಳಗೆ ಹೋಗುತ್ತೇನೆ.